ಕಣ್ಣು ಮಿಟುಕಿಸಿ

ತಿರುಗುತ್ತಲೇ ಇದೆ ದರಿದ್ರದ ಉಂಗುರ, ಫೋನಿನ ನಟ್ಟನಡುವೆ, ಗಾಣದ ಎತ್ತಿನ ಹಾಗೆ, ಎಣ್ಣೆ ಮಾತ್ರ ಬರುವುದಿಲ್ಲ, ಸಾಕಮ್ಮನ ಬೆನ್ನ ಹಿಂದೆ ನಿಂತು ಫೋನು ಚಾಚಿ ಹಿಡಿದ ಕರೀಮುನ್ನೀಸಾಳ ತೋಳು ಸೋತಿದೆ, ನಾಲ್ಕೂ ನಲವತ್ತು, ಇವತ್ತೇ ಕಡೇ ದಿನ, ಐದಕ್ಕೆ ಆ್ಯಪ್ ಮುಚ್ಚಿದರೆ ರೇಷನ್ ಕಾರ್ಡಿನಿಂದ ಮುದುಕಿಯ ಹೆಸರು ಹೋಯಿತು, ಹೆಸರಿನ ಹಿಂದೆ ಅಕ್ಕಿಯೂ — ಅಂತರಸಂತೆಯಾಚೆಯ ಕಾಡಂಚಿನ ಹಾಡಿಯಿಂದ ಕೋಟೆ ಪಟ್ಟಣಕ್ಕೆ ಬಂದು ಬೆಳಗಿನಿಂದ ಕರೀಮುನ್ನೀಸಾಳ ಈ ಕಂಪ್ಯೂಟರ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾಳೆ, ಬದುಕಿದ್ದೇನೆ ಅಂತ ಫೋನಿಗೆ ತೋರಿಸಬೇಕಂತೆ, ಕೂಲಿಯಲ್ಲಿ ಬೆರಳಿನ ಗೆರೆ ಸವೆದಿದೆ, ಅದಕ್ಕೇ ಮುಖ, ಮುಖವೂ ಸಾಲದು, ಕಣ್ಣು ಮಿಟುಕಿಸಿ ಅನ್ನುತ್ತದೆ. ಮಿಟುಕಿಸುತ್ತಾಳೆ. ಬಲಗಣ್ಣು ಮುಚ್ಚುತ್ತದೆ, ಎಡಗಣ್ಣು ಇಲ್ಲ, ಕಾಡ್ಗಿಚ್ಚು ಹಬ್ಬದಂತೆ ಹುಲ್ಲು ಸುಟ್ಟು ಬೆಂಕಿರೇಖೆ ಎಳೆಯುವ ಕೂಲಿಗೆ ಹೋಗಿದ್ದ ವರ್ಷ ಗಾಳಿ ತಿರುಗಿ ಬೆಂಕಿ ನೆಕ್ಕಿದ ರೆಪ್ಪೆ, ಕಾಡು ಉಳಿಯಿತು, ರೆಪ್ಪೆ ಉಳಿಯಲಿಲ್ಲ, ಮುಖ ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ, ತಾಲ್ಲೂಕಾಫೀಸಿನವನಿಗೆ ಫೋನು ಮಾಡಿದರೆ ನಮ್ ಕೈಲೇನಿಲ್ಲ ಮೇಡಂ, ಸಿಸ್ಟಮ್ ತಗೊಳ್ತಿಲ್ಲ — ತಗೊಳ್ಳುವುದಿಲ್ಲ, ಯಾಕೆ ತಗೊಳ್ಳುತ್ತದೆ, ಎರಡೂ ಕಣ್ಣು ನೆಟ್ಟಗಿರುವವರು ತಣ್ಣನೆ ಕೋಣೆಯಲ್ಲಿ ಕೂತು ಹೆಣೆದ ಬಲೆ, ಅದರ ಕಣ್ಣಿನಲ್ಲಿ ಹಾಡಿಯವಳ ಮುಖ ಹೇಗೆ ತೂರೀತು. ಕರೀಮುನ್ನೀಸಾಳ ಅಬ್ಬಾ ತಂದದ್ದು ಹೀಗಿರಲಿಲ್ಲ. ಅವಳಿಗಾಗ ಹತ್ತು ವರ್ಷ, ರೇಡಿಯೋ ರಿಪೇರಿಯ ಅಬ್ಬಾ ಮೈಸೂರಿನಿಂದ ಗೋಣಿಚೀಲದಲ್ಲಿ ಸುತ್ತಿ ತಂದ ಹಳೇ ಕಂಪ್ಯೂಟರು, ಅಂದರೆ ಬರೀ ಒಂದು ಕೀಬೋರ್ಡು, ಮನೆಯ ಟಿವಿಗೆ ಸಿಕ್ಕಿಸಿದರೆ ಮುಗಿಯಿತು, ಸ್ವಿಚ್ಚು ಹಾಕು, ಕಪ್ಪು ಗಾಜಿನ ಮೂಲೆಯಲ್ಲಿ ಒಂದು ಬಿಳಿ ಚೌಕ, ಮಿಟುಕಿ, ಮಿಟುಕಿ, ಹೇಳಮ್ಮ ಏನು ಮಾಡಲಿ ಅನ್ನುವ ಹಾಗೆ, ಓಟಿಪಿ ಇಲ್ಲ, ಆಧಾರ್ ಇಲ್ಲ, ಕ್ಯಾಸೆಟ್ಟು ಹಾಕಿದರೆ ಆಟ ಇಳಿಯಲು ಐದು ನಿಮಿಷ, ಅಷ್ಟರಲ್ಲಿ ಅಮ್ಮಿ ಮಿಕ್ಸಿ ತಿರುಗಿಸಿದರೆ ಕರೆಂಟು ಕುಗ್ಗಿ ಎಲ್ಲ ಅಳಿಸಿ, ಮಸಾಲೆ ಬೇಕೋ ನಿಮ್ಮ ಆಟ ಬೇಕೋ ಎಂದು ಅಮ್ಮಿ, ಎರಡೂ ಬೇಕು ಎಂದು ಅಬ್ಬಾ, ಮತ್ತೆ ಮೊದಲಿಂದ, ಯಾರ ಅನ್ನವೂ ಹೋಗುತ್ತಿರಲಿಲ್ಲ. ಅಬ್ಬಾ ಕಲಿಸಿದ ಪ್ರೋಗ್ರಾಂ ನಾಲ್ಕೇ ಸಾಲು, ಹೆಸರೇನು ಅಂತ ಅದು ಕೇಳುವುದು, ಹೇಳಿದ ಹೆಸರಿಗೆ ಸಲಾಂ ಅನ್ನುವುದು, ಅವಳು ದಿಲ್ಲಿಯ ಸುಲ್ತಾನ ಎಂದು ಒತ್ತಿದಳು, ಸಲಾಂ ದಿಲ್ಲಿಯ ಸುಲ್ತಾನ — ನಂಬಿಬಿಟ್ಟಿತು, ಪಾಪದ ಪ್ರಾಣಿ, ಕೋಟೆಯ ಚೋಟುದ್ದ ಹುಡುಗಿಯನ್ನು ಸುಲ್ತಾನ ಎಂದು ನಂಬಿತ್ತು, ಇದು, ಇಷ್ಟೆಲ್ಲ ಬುದ್ಧಿ ತುಂಬಿಕೊಂಡ ಇದು, ಸಾಕಮ್ಮನನ್ನು ಸಾಕಮ್ಮ ಎಂದು ನಂಬುವುದಿಲ್ಲ.

ನಾ ಬದ್ಕಿವ್ನಿ ಅಂತ ಆನೆಗ್ ಗೊತ್ತು ಕಣವ್ವ, ದಿನಾ ನನ್ನೇ ಹುಡಿಕ್ಕಂಡ್ ಬತ್ತದೆ, ಇದ್ಕ್ ಗೊತ್ತಾಗ್ನಿಲ್ವಲ್ಲ, ಎಂದಳು ಸಾಕಮ್ಮ. ಕರೀಮುನ್ನೀಸಾಳಿಗೆ ನಗು ಬಂತು, ನಕ್ಕರೆ ಫೋನು ಅಲುಗುತ್ತದೆ, ಅಲುಗಿದರೆ ಮುಖ ಹೊಂದುವುದಿಲ್ಲ, ನಾಲ್ಕೂ ಐವತ್ತೆಂಟು, ಮುದುಕಿಯ ಸುಟ್ಟುಳಿದ ಎಡರೆಪ್ಪೆಯನ್ನು ತನ್ನ ಬೆರಳಿನಿಂದಲೇ ಎಳೆದು ಮುಚ್ಚಿ ನೋಡಿದಳು, ಬೇರೆಯವರ ಕೈ ಕಾಣುತ್ತಿದೆ ಅಂತ ಅದಕ್ಕೂ ತಕರಾರು, ಇನ್ನೊಂದ್ಸಲ ಅವ್ವ, ಒಂದೇ ಸಲ, ಉಂಗುರ, ಉಂಗುರ, ಐದು. ಸಮಯ ಮೀರಿದೆ. ಬೆಳಕು ಆರಿ ಫೋನು ಕಪ್ಪಾಯಿತು, ಮುಗೀತು ಅನ್ನಬೇಕು, ತೋಳು ಇಳಿಸಬೇಕು, ಕರೀಮುನ್ನೀಸಾ ಹಿಡಿದೇ ಇದ್ದಾಳೆ, ಸಾಕಮ್ಮನಿಗೆ ಓದು ಬಾರದು, ಯಾರೂ ಸಾಕು ಅಂದಿಲ್ಲ, ಅವಳು ಹಾಗೇ ಕೂತಿದ್ದಾಳೆ, ಕಪ್ಪು ಗಾಜಿನ ಮೂಲೆಯಲ್ಲಿ ಅವಳ ಒಂದು ಕಣ್ಣು, ಮಿಟುಕಿ, ಮಿಟುಕಿ, ಮಿಟುಕಿ —