ಅಕ್ಕನ ಸಾಕ್ಷಿ

ಮೊದಲ ಇಬ್ಬರು ಸಾಕ್ಷಿಗಳು ಕಟಕಟೆ ಹತ್ತಿ ಮಾತು ತಿರುಗಿಸಿದಾಗ ಸರ್ಕಾರಿ ವಕೀಲೆ ಮೂರನೆಯ ಸಾಕ್ಷಿಯನ್ನೇ ನೆಚ್ಚಿಕೊಳ್ಳಬೇಕಾಯಿತು. ಮೀನಿನ ಲಾರಿಗಳಲ್ಲಿ ಮಾದಕ ಪುಡಿ ಸಾಗಿಸಿ, ಬಂದ ಹಣವನ್ನು ಸಿದ್ಧ ಉಡುಪಿನ ಕಂಪನಿಗಳ ಮೂಲಕ ಬಿಳಿ ಮಾಡುತ್ತಿದ್ದ ದೊಡ್ಡ ಜಾಲವದು. ಆ ಕಂಪನಿಗಳೆಲ್ಲ ಇದ್ದದ್ದು ಮುಖ್ಯ ಆರೋಪಿಯ ಅಕ್ಕನ ಹೆಸರಿನಲ್ಲಿ. ಅಕ್ಕ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಟೈಲರ್. ತಮ್ಮ ತೋರಿಸಿದ ಕಡೆಯೆಲ್ಲ ಕಣ್ಣು ಮುಚ್ಚಿ ಸಹಿ ಹಾಕಿದವಳು.

ತನಿಖೆಯ ಹೊತ್ತಿನಲ್ಲಿ ಅವಳನ್ನೂ ಆರೋಪಿ ಮಾಡಬೇಕೆಂದು ಮೇಲಧಿಕಾರಿ ಪಟ್ಟು ಹಿಡಿದಿದ್ದರು. ವಕೀಲೆ ಅವಳನ್ನು ಎದುರು ಕೂರಿಸಿಕೊಂಡು ಮಧ್ಯಾಹ್ನವಿಡೀ ಮಾತನಾಡಿಸಿದಳು. ಕಂಪನಿ ಶುರುವಾದರೆ ತನಗೂ ಒಂದಿಷ್ಟು ಹೊಲಿಗೆ ಕೆಲಸ ಸಿಕ್ಕೀತು ಎಂದು ಅಕ್ಕ ಕಾದೇ ಕಾದಳಂತೆ. ಒಂದು ಅಂಗಿಯೂ ಬರಲಿಲ್ಲವಂತೆ. ಇವಳಿಗೆ ಸಂಚಿನ ಗಂಧಗಾಳಿಯೂ ಇಲ್ಲ ಎಂದು ವಕೀಲೆಗೆ ಮನದಟ್ಟಾಯಿತು. ಮೇಲಧಿಕಾರಿಯ ಜೊತೆ ವಾದಕ್ಕೆ ಬಿದ್ದು ಅವಳನ್ನು ಸಾಕ್ಷಿಯಾಗಿ ಉಳಿಸಿಕೊಂಡಳು.

ಅವಳ ಸರದಿ ಹತ್ತಿರವಾದಾಗ ಅಕ್ಕನ ಅಂಗಡಿಗೆ ಅಪರಿಚಿತನೊಬ್ಬ ಬಂದ. ಅಂಗಿಗೆ ಅಳತೆ ಕೊಡುತ್ತ ನಿಂತವನು, ಅವಳ ಮಗಳು ಯಾವ ದಾರಿಯಲ್ಲಿ ಕಾಲೇಜಿಗೆ ಹೋಗುತ್ತಾಳೆಂದು ತಣ್ಣಗೆ ವಿವರಿಸಿ ಹೊರಟುಹೋದ. ವಕೀಲೆ ತಾಯಿ ಮಗಳಿಬ್ಬರಿಗೂ ಪೊಲೀಸ್ ಕಾವಲು ಹಾಕಿಸಿದಳು. ಹಿಂದೆ ಸರಿದರೂ ತಾನು ತಪ್ಪು ತಿಳಿಯುವುದಿಲ್ಲ ಎಂದಳು. ಅಕ್ಕ ಅರ್ಧ ಹೊಲಿದಿದ್ದ ಸಮವಸ್ತ್ರವನ್ನು ಮತ್ತೆ ಕೈಗೆತ್ತಿಕೊಂಡಳು.

ಆದರೆ ಸಾಕ್ಷಿ ಹೇಳುವ ದಿನ ಬಂದಳು. ಸಹಿ ಹಾಕಿಸಿದ್ದು ಯಾರು, ಮನೆಗೆ ಬಂದು ಹೋಗುತ್ತಿದ್ದ ಲಾರಿ ಮಾಲೀಕರು ಯಾರು ಎಂದು ಒಂದೊಂದಾಗಿ ಹೇಳಿದಳು. ಆರೋಪಿಗಳ ಸಾಲಿನಲ್ಲಿ ತಮ್ಮ ನೆಲ ನೋಡುತ್ತ ನಿಂತಿದ್ದ. ಅವನ ಪರ ವಕೀಲರು ಎದ್ದು ನಿಂತರು.

"ಅಪ್ಪ ಅಮ್ಮ ಹೋದ್ಮೇಲೆ ಇವನನ್ನ ಸಾಕಿದ್ದು ನೀವೇ ಅಲ್ವಾ? ಈಗ ಜೈಲಿಗೆ ತಳ್ಳೋಕೆ ಮನಸ್ಸಾದ್ರೂ ಹೇಗೆ ಬಂತು?"

"ಸಾಕಿದ್ದಕ್ಕೇ ಬಂದೆ ಸಾರ್," ಎಂದಳು ಅಕ್ಕ. "ಚಿಕ್ಕವನಿದ್ದಾಗ ತಪ್ಪು ಮಾಡಿದ್ರೆ ನಾನೇ ಕಿವಿ ಹಿಂಡ್ತಿದ್ದೆ. ಈಗ ಅವನ ಕಿವಿ ನನ್ನ ಕೈಗೆ ಎಟುಕಲ್ಲ."

ವಕೀಲರು ಕಡತ ಮುಚ್ಚಿದರು.

ಲಾರಿ ಮಾಲೀಕರಿಂದ ಹಿಡಿದು ತಮ್ಮನವರೆಗೆ ಎಲ್ಲರಿಗೂ ಶಿಕ್ಷೆಯಾಯಿತು. ತೀರ್ಪು ಮುಗಿದ ಮೇಲೆ ವಕೀಲೆ ಮೊಗಸಾಲೆಯಲ್ಲಿ ಅಕ್ಕನ ಎರಡೂ ಕೈ ಹಿಡಿದುಕೊಂಡಳು. 

"ಅವತ್ತು ನೀವು ನನ್ನ ನಂಬದೇ ಇದ್ದಿದ್ರೆ ನಾನೂ ಅವನ ಪಕ್ಕದಲ್ಲೇ ನಿಂತಿರ್ತಿದ್ದೆ ಮೇಡಂ," ಎಂದಳು ಅಕ್ಕ. ಆಮೇಲೆ, ತಮ್ಮನನ್ನು ಒಮ್ಮೆ ನೋಡಬಹುದೇ ಎಂದು ಅಳುಕುತ್ತಲೇ ಕೇಳಿದಳು.

ವಕೀಲೆ ಇನ್ಸ್‌ಪೆಕ್ಟರಿಗೆ ಹೇಳಿ ಒಪ್ಪಿಸಿದಳು. ತಮ್ಮನೇ ಮುಖ ತಿರುಗಿಸಿಬಿಟ್ಟರೆ ಈ ಹೆಂಗಸಿನ ಗತಿಯೇನು ಎಂದು ದೂರದಲ್ಲಿ ಚಡಪಡಿಸುತ್ತ ನಿಂತಳು. ಅಕ್ಕ ಅವನನ್ನು ನೋಡಿ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಏನಂದ?"

"ಊಟ ಮಾಡಿದ್ಯೇನಕ್ಕ ಅಂದ."

ಊಟ ಅವಳದೂ ಆಗಿರಲಿಲ್ಲ, ವಕೀಲೆಯದೂ ಆಗಿರಲಿಲ್ಲ. ವಕೀಲೆ ಕರಿ ಕೋಟು ಕಳಚಿ ತೋಳಿಗೆ ಹಾಕಿಕೊಂಡು, ಅಕ್ಕನ ಮಗಳಿಗೂ ಫೋನ್ ಮಾಡಿ ಬರಹೇಳಿ, ಅಕ್ಕನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದಳು.