ಕಾಫಿ ಹಣ್ಣಿನ ರಸ

ಅತ್ತಿಗುಂಡಿಯ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಜವರಮ್ಮ ವರ್ಷಾನುಗಟ್ಟಲೆ ಬೈಸಿಕೊಂಡದ್ದು ಒಂದೇ ಕಾರಣಕ್ಕೆ. ಬಾಯಿ ಒಣಗಿದಾಗ ಕೆಂಪಗೆ ಮಾಗಿದ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಸಿಹಿ ರಸ ಚೀಪುತ್ತಿದ್ದಳು. ಮೇಸ್ತ್ರಿ ದಯಾನಂದನ ಕಣ್ಣಿಗೆ ಬಿದ್ದರೆ ಮುಗಿಯಿತು: “ಎಸ್ಟೇಟ್ ಹಣ್ಣು ಕದ್ದು ತಿಂತೀಯಾ?”

ಈ ವರ್ಷ ಎಸ್ಟೇಟಿನವರು ಹೋಂಸ್ಟೇ ತೆರೆದು, ಅದೇ ಹಣ್ಣನ್ನು ಹಿಂಡಿ, ಆರೋಗ್ಯದ ಜ್ಯೂಸ್ ಅಂತ ಪ್ರವಾಸಿಗರಿಗೆ ಕೊಡತೊಡಗಿದರು. ಇವತ್ತು ದಯಾನಂದ ಕೆಲವು ಪ್ರವಾಸಿಗರನ್ನು ಲೋಟದ ಸಮೇತ ತೋಟಕ್ಕೇ ಕರೆತಂದ.

“ಇದನ್ನ ಕುಡಿದ್ರೆ ಸುಸ್ತು ಹತ್ರಾನೂ ಸುಳಿಯಲ್ಲ. ನಮ್ಮ ಜವರಮ್ಮ ದಿನಾ ಈ ಹಣ್ಣು ತಿಂತಾಳೆ, ನೋಡಿ ಹೆಂಗೆ ಗಟ್ಟಿಮುಟ್ಟಾಗಿದ್ದಾಳೆ!”

ಜವರಮ್ಮನಿಗೆ ಮೈಯೆಲ್ಲ ಉರಿಯಿತು. ದಪ್ಪನೆಯ ಹಣ್ಣೊಂದನ್ನು ಕಿತ್ತು, ಎಲ್ಲರೆದುರೇ ಬಾಯಿಗೆ ಹಾಕಿಕೊಂಡು, ಅವನನ್ನೇ ನೋಡುತ್ತಾ ನಿಧಾನವಾಗಿ ಚೀಪಿದಳು.

“ಇವ್ರು ಕುಡಿದ್ರೆ ಆರೋಗ್ಯ, ನಾನು ಚೀಪಿದ್ರೆ ಕಳ್ಳತನಾನಾ ಮೇಸ್ತ್ರಿಗಳೇ?”

ಪ್ರವಾಸಿಗರ ಕೈಯಲ್ಲಿ ಲೋಟಗಳು ಹಾಗೇ ನಿಂತವು. ದಯಾನಂದ ಬಾಯಿ ಬಿಡುವ ಮೊದಲೇ ಅವನ ಕೈ ಎಳೆದು, ಚೀಪಿ ಉಗಿದ ಎರಡು ಬೀಜಗಳನ್ನು ಅಂಗೈಯಲ್ಲಿಟ್ಟಳು.

“ತಗೊಳ್ಳಿ, ಬೀಜ ನಿಮ್ಮ ಎಸ್ಟೇಟಿಂದು. ರಸ ನಂದು.”