ಕೇಳಿಸಿತಂದ್ರ ಒಂದು ಒತ್ರಿ

ಶ್ರೀವಾಣಿ ತಾಯಿಯ ಹಣೆಗೆ ಕುಂಕುಮ ಹಚ್ಚುತ್ತಿದ್ದಾಗ ಗೂಡಿನಲ್ಲಿದ್ದ ಫೋನ್ ಬಡಿದುಕೊಂಡಿತು. ಅವಳ ಎರಡೂ ಕೈ ಅರಿಶಿನ ಕುಂಕುಮವಾಗಿದ್ದವು. ಹಾಗಾಗಿ ರಿಸೀವರ್ ಎತ್ತಿದವಳು ಚಿತ್ತಾಪುರದಿಂದ ಬೆಳಿಗ್ಗೆಯಷ್ಟೇ ಬಂದಿದ್ದ ವಂದನಾ, ತಾಯಿಯ ತಂಗಿ.

"ಹಲೋ" ಅಂದಳು. ಮರುಕ್ಷಣವೇ ರಿಸೀವರ್ ಅವಳ ಕೈಯಿಂದ ಜಾರಿ ತಂತಿಯ ತುದಿಯಲ್ಲಿ ತೂಗಾಡತೊಡಗಿತು.

"ಏನಾತು ಮಾವಶಿ?"

"ನಮ್ಮಕ್ಕ." ವಂದನಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. "ನಮ್ಮಕ್ಕ ಮಾತಾಡ್ಲಿಕತ್ತಾಳ. ಏಳ್ರಿ, ಏಳ್ರಿ ಅನ್ಲಿಕತ್ತಾಳ."

ನಡುಮನೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಲೇ ನೆಲದ ಕಡೆ ನೋಡಿದರು. ನರ್ಮದಾಬಾಯಿ ಹಸಿರು ಸೀರೆಯಲ್ಲಿ, ಕೈತುಂಬ ಹಸಿರು ಬಳೆಯಲ್ಲಿ, ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದರು. ಹಿಂದಿನ ಸಂಜೆ ತುಳಸಿಕಟ್ಟೆಯ ಮುಂದೆ ದೀಪ ಇಡಲು ಬಗ್ಗಿದವರು ಹಾಗೆಯೇ ಕುಸಿದಿದ್ದರು. ಈಗ ತುಟಿಗಳ ನಡುವೆ ಒಂದು ತುಳಸಿ ಎಲೆ ಇತ್ತು. ಎಲೆ ಅಲುಗಿರಲಿಲ್ಲ. ಆದರೆ ತೂಗಾಡುತ್ತಿದ್ದ ರಿಸೀವರಿನಿಂದ ಅವರದೇ ದನಿ ಸಣ್ಣಗೆ ಬರುತ್ತಲೇ ಇತ್ತು. ಮಾತು ಮುಗಿದ ಮೇಲೆ ಬಳೆಗಳ ಸದ್ದೂ ಬಂತು.

"ಅದು ಮಷೀನು ಮಾವಶಿ. ಹೊಳಿ ಸುದ್ದಿ ಹೇಳೋ ಮಷೀನು. ನಿನಗ ಗೊತ್ತದಲ್ಲ?"

"ಯಾವುದರ ಇರಲಿ. ಹೆಣ ಮನ್ಯಾಗಿದ್ದಾಗ ಸತ್ತವರು ಕರದ್ರ ಓಗೊಡಬಾರದು. ಓ ಅಂದವರನ್ನ ಕರಕೊಂಡೇ ಹೋಗ್ತಾರ. ನಾ ಹಲೋ ಅಂದೀನಿ, ಓ ಅಂದಿಲ್ಲ. ಎಲ್ಲಾರೂ ಕೇಳೀರಿಲ್ಲೋ?" ಎಂದು ವಂದನಾ ಸುತ್ತಲಿನವರನ್ನು ಸಾಕ್ಷಿಗೆ ಕರೆದಳು.

ಹಿತ್ತಲಿನಿಂದ ಶ್ರೀವಾಣಿಯ ತಂದೆ ರಘೂತ್ತಮಾಚಾರ್ಯರು ಒದ್ದೆ ಪಂಚೆಯಲ್ಲಿ ಬಂದರು. ರಿಸೀವರನ್ನು ಎತ್ತಿಟ್ಟು, ಗೋಡೆಯಿಂದ ಫೋನಿನ ತಂತಿಯನ್ನೇ ಕಿತ್ತರು.

"ಇವತ್ತರ ಸುಮ್ಮಿರಲಿ" ಅಂದರು. ಹೆಂಡತಿಗೆ ಹೇಳಿದರೋ ಫೋನಿಗೆ ಹೇಳಿದರೋ ಯಾರಿಗೂ ತಿಳಿಯಲಿಲ್ಲ.

*

ಆ ದನಿ ಮಷೀನಿನೊಳಗೆ ಹೋದದ್ದು ಮೂರು ಮಳೆಗಾಲಗಳ ಹಿಂದೆ. ಮಳಖೇಡದ ಕಂಪ್ಯೂಟರ್ ಕೇಂದ್ರದಲ್ಲಿ ನರ್ಮದಾಬಾಯಿಗೆ ಸಣ್ಣದೊಂದು ಕೆಲಸವಿತ್ತು. ಪಹಣಿ ತೆಗೆದುಕೊಡುವುದು, ಜಾತಿ ಆದಾಯದ ಅರ್ಜಿ ತುಂಬುವುದು, ವಿಧವಾ ವೇತನ ಯಾಕೆ ಬರಲಿಲ್ಲವೆಂದು ಅಳುವವರನ್ನು ಕೂರಿಸಿ ನೀರು ಕೊಡುವುದು. ಅದೇ ಹೊತ್ತಿಗೆ ಕಾಗಿಣಾ ದಂಡೆಯ ಊರುಗಳಿಗೆ ಸರ್ಕಾರದ ಹೊಸ ಏರ್ಪಾಡೊಂದು ಬಂತು. ಮೇಲಿನ ಸೇತುವೆಯ ಹತ್ತಿರ ಶೌಕತ ಅಲಿ ಎಂಬ ಕಾವಲುಗಾರ ನೀರಿನ ಎತ್ತರ ನೋಡಿ ತನ್ನ ಫೋನಿನಲ್ಲಿ ಅಂಕಿ ಒತ್ತುವುದು. ಸೇಡಂ ಕಚೇರಿಯ ಕಂಪ್ಯೂಟರ್ ಅದನ್ನು ತಿಳಿದು ಆ ಊರುಗಳ ಮನೆಗಳಿಗೆಲ್ಲ ತಾನೇ ಫೋನ್ ಹಚ್ಚುವುದು. ಹೊಳೆಯ ಜೊತೆಗೇ ಬದುಕಬೇಕಾದವರಿಗೆ ಹೊಳೆಯ ಮನಸ್ಸು ಮೊದಲೇ ತಿಳಿದಿದ್ದರೆ ದನ, ಪಂಪು, ಮಕ್ಕಳು ಎಲ್ಲ ಉಳಿಯುತ್ತವೆ ಎಂಬುದು ಲೆಕ್ಕ.

ದನಿ ಕೊಡಬೇಕಿದ್ದ ಹುಡುಗಿಗೆ ಅವತ್ತೇ ಗಂಟಲು ಕಟ್ಟಿತು. ರೆಕಾರ್ಡ್ ಮಾಡಲು ಬಂದವರು ತಾತ್ಕಾಲಿಕವಾಗಿ ಅಂತ ನರ್ಮದಾಬಾಯಿಯನ್ನು ಕೇಳಿದರು. ಕೇಂದ್ರದ ಮುಂದೆ ಸಿಮೆಂಟ್ ಲಾರಿಗಳ ಗದ್ದಲ. ಅದಕ್ಕೇ ಆಚಾರ್ಯರ ಮನೆಯ ದೇವರಕೋಣೆಯಲ್ಲಿ, ಬಾಗಿಲು ಮುಚ್ಚಿ, ಸೆಕೆಯಲ್ಲಿ ಬೆವರುತ್ತ ಅವರು ಮಾತಾಡಿದರು. ಬರೆದುಕೊಟ್ಟದ್ದನ್ನು ಓದಲು ಹೋದರೆ ನಾಲಿಗೆ ತಡವರಿಸಿತು. ಕಡೆಗೆ ಹಾಳೆ ಬದಿಗಿಟ್ಟು, ಮಲಗಿದ ಮಕ್ಕಳನ್ನು ಎಬ್ಬಿಸುವವರಂತೆ ಶುರು ಮಾಡಿದರು. ಮುಗಿಸಿ ಹಣೆಯ ಬೆವರು ಒರೆಸಿಕೊಂಡಾಗ ಬಳೆಗಳು ಸದ್ದು ಮಾಡಿದವು. ಅದೂ ಸೇರಿಹೋಯಿತು. ತಾತ್ಕಾಲಿಕ ಅಂದದ್ದು ಸರ್ಕಾರದ ತಾತ್ಕಾಲಿಕ. ಮೂರು ವರ್ಷವಾದರೂ ಬದಲಾಗಲಿಲ್ಲ.

ಆಚಾರ್ಯರಿಗೆ ಇದು ಸುತಾರಾಂ ಹಿಡಿಸಲಿಲ್ಲ. "ಮನಿ ಹೆಣ್ಣಮಗಳ ದನಿ ಕಂಡಕಂಡವರ ಕಿವ್ಯಾಗ ಹೋಗೋದು ಏನು ಚಂದ?"

"ನನ್ನ ಮಾತು ಮುಟ್ಟಿದ್ರ ಜನ ಒಂದು ಒತ್ತತಾರ" ಎಂದು ನರ್ಮದಾಬಾಯಿ ನಕ್ಕರು. "ನಿಮ್ಮ ಮಂತ್ರಾ ಮುಟ್ಟಿದ್ರ ನಿಮ್ಮ ದೇವರು ಒಂದು ಒತ್ತತಾನೇನು?"

ಮಷೀನಿನ ಕಟ್ಟಳೆ ಅದೇ ಆಗಿತ್ತು. ಮಾತು ಕೇಳಿದವರು ಒಂದು ಒತ್ತಬೇಕು. ಒತ್ತದಿದ್ದರೆ ಕೇಳಿಲ್ಲವೆಂದು ತಿಳಿದು ಮತ್ತೆ ಮತ್ತೆ ಹಚ್ಚುತ್ತದೆ. ಆಚಾರ್ಯರು ಮನೆಯ ಫೋನಿನಲ್ಲಿ ಮೊದಲ "ಏಳ್ರಿ" ಬರುತ್ತಲೇ ಒಂದು ಒತ್ತಿ ಇಟ್ಟುಬಿಡುತ್ತಿದ್ದರು. ಅವರ ಮನೆ ಕೋಟೆಯ ಪಕ್ಕ, ಎತ್ತರದಲ್ಲಿ. ಹೊಳೆ ಅಲ್ಲಿಗೆ ಬರುವಂಥದ್ದಲ್ಲ. ಹೆಂಡತಿ ಅದರಲ್ಲಿ ಏನೇನು ಹೇಳಿದ್ದಾಳೆಂದು ಅವರು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಆದರೆ ದಂಡೆಯವರಿಗೆ ನರ್ಮದಾಬಾಯಿ ಮನೆಯ ಮನುಷ್ಯರಾಗಿದ್ದರು. ಶಹಾಬಾದ್ ಸಂತೆಯಲ್ಲಿ ನರ್ಮದಾಬಾಯಿ ಬದನೆಕಾಯಿ ಚೌಕಾಸಿ ಮಾಡುತ್ತ ನಿಂತಿದ್ದಾಗ, ಆ ದನಿ ಕೇಳಿದ ಮುದುಕಿಯೊಬ್ಬಳು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಿದ್ದಳಂತೆ. "ನೀರು ಬರಾಕತ್ತದೇನ್ರಿ ಬಾಯಾರ?" ಅಂತ ತಿರುಗಿ ಕೇಳಿದ್ದಳಂತೆ. ಇದನ್ನು ನರ್ಮದಾಬಾಯಿ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

*

ಚಟ್ಟ ಕಟ್ಟುವುದು ಮುಗಿಯುವ ಹೊತ್ತಿಗೆ ಅಬ್ದುಲ್ ಮಜೀದ ಓಡುತ್ತ ಬಂದ. ದಂಡೆಯ ಓಣಿಯ ಬಾಯಿಗೆ ಅವನದೊಂದು ಚಹಾದ ಅಂಗಡಿ. ಅಂಗಳದ ಹೊರಗೇ ನಿಂತು ಟೋಪಿ ಸರಿಮಾಡಿಕೊಂಡ.

"ಆಚಾರ್ರ, ತಪ್ಪು ತಿಳೀಬ್ಯಾಡ್ರಿ. ಓಣಿ ತುಂಬ ಫೋನ್ ಬಾರಿಸಾಕತ್ತಾವ. ಬಾಯಾರ ದನಿ. ಯಾರೂ ಕೇಳವಲ್ಲರು. ಯಂಕಮ್ಮ ಫೋನ್ ತಗೊಂಡು ಅಕ್ಕಿ ಡಬ್ಬ್ಯಾಗ ಹಾಕಿ ಮುಚ್ಚಳ ಬಡದಾಳ. ಡಬ್ಬ್ಯಾಗಿಂದನೂ ಬಾರಿಸಾಕತ್ತದ."

"ಮತ್ತ ನೀ?" ಎಂದು ಶ್ರೀವಾಣಿ ಕೇಳಿದಳು.

"ಖರೆ ಹೇಳ್ತೀನಿ ತಾಯಿ, ನಾನೂ ಕಟ್ ಮಾಡೀನಿ. ಏಳ್ರಿ ಅಂದಕೂಡಲೆ ಜೀವ ಧಸಕ್ ಅಂತು."

ಶ್ರೀವಾಣಿ ಮಾಳಿಗೆ ಹತ್ತಿದಳು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಬಿಸಿಲು ಹೊಡೆಯುತ್ತಿತ್ತು. ಕೆಳಗೆ ಕಾಗಿಣಾ ದಪ್ಪಗೆ, ಕೆಮ್ಮಣ್ಣಿನ ಬಣ್ಣದಲ್ಲಿ, ಸದ್ದಿಲ್ಲದೆ ಹರಿಯುತ್ತಿತ್ತು. ಅವಳು ಬಟ್ಟೆ ಒಗೆಯುವ ಕಲ್ಲುಗಳನ್ನು ಹುಡುಕಿದಳು. ದಂಡೆಗೆ ಹತ್ತಿರದ ಒಂದೇ ಒಂದು ಕಲ್ಲು ಕಾಣುತ್ತಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಅದೂ ಕಾಣದಾಯಿತು. ದಂಡೆಯ ಓಣಿಯ ನಾಯಿಗಳು ಒಂದರ ಹಿಂದೊಂದು ಊರಿನ ಕಡೆ ಏರಿ ಬರುತ್ತಿದ್ದವು. ಒಂದೂ ಬೊಗಳುತ್ತಿರಲಿಲ್ಲ.

ಚಿಂಚೋಳಿಯ ಆಚೆ ಎಲ್ಲೋ ರಾತ್ರಿಯಿಡೀ ಮಳೆ ಸುರಿದಿತ್ತು. ನರ್ಮದಾಬಾಯಿ ತೀರಿಕೊಂಡ ಸುದ್ದಿ ಮುಟ್ಟದ ಮೇಲಿನ ಊರುಗಳಲ್ಲಿ ಜನ ಎಂದಿನಂತೆ ಅವರ ಮಾತು ಕೇಳಿ, ಒಂದು ಒತ್ತಿ, ದನ ಬಿಚ್ಚಿಕೊಂಡು ಎದ್ದುಹೋಗಿದ್ದರು. ಅವರನ್ನು ಬಲ್ಲ, ಅವರಿಗಾಗಿ ಬೆಳಿಗ್ಗೆಯಿಂದ ಒಲೆ ಹಚ್ಚದೆ ಕುಳಿತ ಮಳಖೇಡದ ಓಣಿಯೊಂದೇ ಕಿವಿ ಮುಚ್ಚಿಕೊಂಡಿತ್ತು. ಇದಕ್ಕೆ ಏನನ್ನಬೇಕು?

ಅವಳು ಕೆಳಗಿಳಿದು ಬಂದಳು. "ಅಪ್ಪಾ, ನೀರು ಏರ್ಲಿಕತ್ತದ. ಯಾರರ ಹೋಗಿ ಹೇಳ್ಬೇಕು. ನಾ ಹೋಗ್ತೀನಿ."

"ಸೂತಕದಾಗ ಮಂದಿ ಮನಿ ಹೊಸ್ತಿಲು ತುಳೀತಿಯೇನು?" ಎಂದು ವಂದನಾ ತಡೆದಳು.

"ಮಜೀದಣ್ಣ, ನೀ ಹೇಳಿದ್ರ?"

"ಹೇಳೀನಿ ತಾಯಿ. ಬಿಸಿಲು ಬಿದ್ದದ, ಎಲ್ಲಿ ನೀರು ಅಂತಾರ. ಬಾಯಾರು ಕರಕೊಂಡು ಹೋಗಾಕ ಜೋಡಿ ಹುಡುಕಾಕತ್ತಾರ, ಹೊರಗ ಬರಬ್ಯಾಡ್ರಿ ಅಂತ ಬಾಗಲಾ ಹಾಕ್ಯಾರ. ಯಂಕಮ್ಮನ ಮನ್ಯಾಗ ಎದ್ದು ನಡಿಲಾರದ ಅತ್ತಿ ಅದಾಳ, ಹಸುಗೂಸು ಅದ."

ಶ್ರೀವಾಣಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. "ಅವ್ವನ ಮಾತಿನಿಂದನೇ ಅವರು ಸಾಯಬೇಕೇನಪ್ಪಾ?" ಅಂದಳು. "ಅಕಿ ಇದ್ದಾಗೂ ನೀವು ಕೇಳಲಿಲ್ಲ."

ರಘೂತ್ತಮಾಚಾರ್ಯರು ಮಗಳ ಮುಖ ನೋಡಿದರು. ಆಮೇಲೆ ಬೆಂಕಿಯ ಮಡಿಕೆಯನ್ನು ಕೈಗೆ ತೆಗೆದುಕೊಂಡರು.

"ಎತ್ರಿ" ಅಂದರು. "ಮಜೀದ, ನಿನ್ನ ಫೋನ್ ತಗೊಂಡು ನನ್ನ ಜೋಡಿ ಬಾ."

*

ಅರ್ಧ ದಾರಿಯಲ್ಲಿ ಚಟ್ಟವನ್ನು ಒಮ್ಮೆ ನೆಲಕ್ಕಿಳಿಸಿ, ಹೆಗಲು ಬದಲಿಸಿ ಎತ್ತುವುದು ಪದ್ಧತಿ. ಅದಕ್ಕೆ ಊರ ಹೊರಗಿನ ಬೇವಿನಮರದ ಬುಡವೇ ಜಾಗ. ಯಾರ ಮನೆಯ ಮುಂದೆಯೂ ಹೆಣ ಇಳಿಸುವಂತಿಲ್ಲ. ಆಚಾರ್ಯರು ಬೇವಿನಮರ ದಾಟಿದರು. ಹೊತ್ತವರು ಹಿಂದಿನಿಂದ ಕೂಗಿದರೂ ನಿಲ್ಲಲಿಲ್ಲ. ದಂಡೆಯ ಓಣಿಗೆ ತಿರುಗಿ, ನಟ್ಟನಡುವೆ, ಯಂಕಮ್ಮನ ಬಾಗಿಲ ಎದುರಿಗೆ ನಿಂತರು.

"ಇಲ್ಲಿ ಇಳಸ್ರಿ."

ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಫೋನುಗಳು ಬಾರಿಸುತ್ತಿದ್ದವು. ಒಂದು ನಿಂತರೆ ಎದುರಿನ ಮನೆಯದು ಶುರುವಾಗುತ್ತಿತ್ತು. ಡಬ್ಬಿಯೊಳಗಿನದು ಮಾತ್ರ ಉಸಿರು ಕಟ್ಟಿದವರ ಹಾಗೆ ಕೇಳಿಸುತ್ತಿತ್ತು. ಓಣಿಯ ಕೆಳತುದಿಯ ಮೋರಿಯಲ್ಲಿ ನೀರು ಇಳಿದುಹೋಗುವ ಬದಲು ಮೇಲಕ್ಕೆ ಬರುತ್ತಿತ್ತು.

"ಯಂಕಮ್ಮಾ, ಬಾಗಲಾ ತಗಿ. ಬಾಯಾರು ಬಂದಾರ, ನೋಡು ಬಾ."

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. "ಎದಕ್ಕ ತಂದೀರಿ ಆಚಾರ್ರ? ನಾವೇನು ಮಾಡೀವಿ?" ಯಂಕಮ್ಮ ಸಂದಿಯಿಂದಲೇ ಕೇಳಿದಳು.

ಅಷ್ಟರಲ್ಲಿ ಮಜೀದನ ಕೈಯಲ್ಲಿದ್ದ ಫೋನ್ ಹಾಡತೊಡಗಿತು. ಅದೊಂದು ಚೀನಾ ಸೆಟ್ಟು. ಅದರ ಸ್ಪೀಕರ್ ಹಚ್ಚಿದರೆ ಮದುವೆ ಮನೆಯ ಲೌಡ್‌ಸ್ಪೀಕರಿಗೂ ಕಡಿಮೆಯಿಲ್ಲವೆಂದು ಓಣಿಯವರು ಅವನನ್ನು ಚೇಷ್ಟೆ ಮಾಡುತ್ತಿದ್ದರು. ಆಚಾರ್ಯರು ಎಡಗೈಯಲ್ಲಿ ಬೆಂಕಿಯ ಮಡಿಕೆ ಹಿಡಿದೇ ಬಲಗೈಯನ್ನು ಅವನತ್ತ ಚಾಚಿದರು. ಮಜೀದ ಹಸಿರು ಗುಂಡಿ ತೋರಿಸಿದ. ಆಚಾರ್ಯರು ಒತ್ತಿದರು.

"ಓ" ಅಂದರು, ಓಣಿಗೆಲ್ಲ ಕೇಳುವ ಹಾಗೆ.

ಹೊತ್ತು ತಂದವರಲ್ಲಿ ಸೇಡಂನಿಂದ ಬಂದಿದ್ದ ಒಬ್ಬರು ಅಲ್ಲಿಂದ ಹಿಂದಕ್ಕೆ ಓಡಿಯೇಬಿಟ್ಟರು.

"ಏಳ್ರಿ, ಏಳ್ರಿ" ಅಂದಿತು ನರ್ಮದಾಬಾಯಿಯ ದನಿ. "ನಾ ನರ್ಮದಾ ಮಾತಾಡ್ಲಿಕತ್ತೀನಿ. ಕಾಗಿಣಾ ಏರ್ಲಿಕತ್ತದ. ಕೈಯಾಗಿನ ಕೆಲಸ ಬಿಟ್ಟು ಮ್ಯಾಲ ಹೋಗ್ರಿ. ದನಾ ಬಿಚ್ಚಿಬಿಡ್ರಿ. ಕೂಸುಗಳನ್ನ ಎತ್ತಿಕೊಳ್ರಿ, ಮುದುಕರ ಕೈ ಬಿಡಬ್ಯಾಡ್ರಿ. ಅಂಜಬ್ಯಾಡ್ರಿ, ವ್ಯಾಳ್ಯಾ ಅದ. ಕೇಳಿಸಿತಂದ್ರ ಒಂದು ಒತ್ರಿ."

ಆಮೇಲೆ ಬಳೆಗಳು. ಚಟ್ಟದ ಮೇಲಿನ ಕೈಗಳಲ್ಲೂ ಬಳೆಗಳಿದ್ದವು, ಅವು ಸುಮ್ಮನಿದ್ದವು. ಬಾಗಿಲ ಸಂದಿಗಳಲ್ಲಿ ಕಣ್ಣುಗಳು ಕಂಡವು. ಎಲ್ಲರೂ ನರ್ಮದಾಬಾಯಿಯ ತುಟಿಗಳನ್ನೇ ನೋಡುತ್ತಿದ್ದರು.

"ನೋಡಿದ್ರಿಲ್ಲೋ?" ಆಚಾರ್ಯರು ಬಾಗಿಲುಗಳ ಕಡೆ ತಿರುಗಿದರು. "ಅಕಿ ಇಲ್ಲೇ ಇದ್ದಾಳ. ಯಾರನ್ನೂ ಕರೀಲಿಕ್ಕೆ ಬಂದಿಲ್ಲ. ಇದು ಜೀವಂತ ಇದ್ದಾಗ ನಿಮಗಂತ ಆಡಿಟ್ಟ ಮಾತು. ಓ ಅಂದಾಂವ ನಾನು. ಕರಕೊಂಡು ಹೋಗೋದಿದ್ರ ನನ್ನ ಕರಕೊಂಡು ಹೋಗ್ಲಿ. ನೀವು ಏಳ್ರಿ."

ಯಂಕಮ್ಮ ಬಾಗಿಲು ಪೂರ್ತಿ ತೆರೆದಳು. ಹೆಣದ ಮುಖವನ್ನು ನೋಡಿದಳು, ಫೋನನ್ನು ನೋಡಿದಳು, ಓಣಿಯ ತುದಿಯಿಂದ ಹರಿದು ಬಂದು ತನ್ನ ಅಂಗಳ ಮುಟ್ಟುತ್ತಿದ್ದ ನೀರನ್ನು ನೋಡಿದಳು.

"ಅಯ್ಯ ನನ ಯವ್ವಾ! ಅಂಬರೇಶಾ, ಮುದುಕೀನ ಎತ್ತಿಕೋ!"

ಒಂದೊಂದೇ ಬಾಗಿಲು ತೆರೆದವು. ಆಡುಗಳು, ಕೂಸುಗಳು, ಗಂಟುಗಳು, ಬಲೆಗಳು ಎಲ್ಲ ಹೊರಬಂದವು. ಅವಸರದಲ್ಲಿಯೂ ಯಾರೂ ಚಟ್ಟವನ್ನು ದಾಟಲಿಲ್ಲ. ಎರಡೂ ಬದಿಯಿಂದ ಸರಿದುಹೋದರು. ಯಂಕಮ್ಮನ ಮಗ ಅಂಬರೇಶ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಬೇವಿನಮರದ ತನಕ ಮುಟ್ಟಿಸಿ ಮತ್ತೆ ಓಡಿ ಬಂದ. ಓಡಿಹೋದವರ ಜಾಗದಲ್ಲಿ ಚಟ್ಟದ ಒಂದು ಮೂಲೆ ಖಾಲಿಯಿತ್ತು. ಅವನು ಹೆಗಲು ಕೊಡಲೇ ಎಂದು ಆಚಾರ್ಯರ ಮುಖ ನೋಡಿದ. ಆಚಾರ್ಯರು ಆಗಲಿ ಎಂದು ತಲೆಯಾಡಿಸಿದರು. ಎತ್ತುವಾಗ ನೀರು ಎಲ್ಲರ ಮೊಣಕಾಲಿಗೆ ಬಂದಿತ್ತು.

*

ಚಿತೆ ಒಟ್ಟಿದ್ದು ಕೋಟೆಯ ಮುರಿದ ಗೋಡೆಯ ಪಕ್ಕ, ಶರಣಬಸಪ್ಪನ ಬೀಳುಹೊಲದಲ್ಲಿ. "ಇಲ್ಲೇ ಸುಡ್ರಿ ಆಚಾರ್ರ, ನನ್ನ ಹೊಲಕ್ಕೇನೂ ಆಗಂಗಿಲ್ಲ" ಎಂದು ಅವನು ತಾನೇ ಕಟ್ಟಿಗೆ ಹೇರಿಕೊಂಡು ಬಂದಿದ್ದ. ಅಲ್ಲಿಂದ ಸ್ಮಶಾನ ಕಾಣುತ್ತಿತ್ತು. ಕಾಣುತ್ತಿದ್ದದ್ದೆಂದರೆ ಅದರ ತಗಡಿನ ಚಾವಣಿ. ಉಳಿದದ್ದೆಲ್ಲ ಕೆಂಪು ನೀರು. ದಂಡೆಯ ಓಣಿಯಲ್ಲಿ ಗೋಡೆಗಳು ಒಂದೊಂದಾಗಿ ನೀರಿಗೆ ಕುಳಿತವು. ಇಷ್ಟು ದೂರಕ್ಕೆ ಅದರ ಸದ್ದು ಬರಲಿಲ್ಲ.

ಹೊಲದ ಬದುವಿನುದ್ದಕ್ಕೂ ಓಣಿಯ ಜನ ಕುಳಿತಿದ್ದರು. ಯಂಕಮ್ಮ ಅಕ್ಕಿಯ ಡಬ್ಬಿಯನ್ನು ಹೊತ್ತೇ ಬಂದಿದ್ದಳು. ಮುಚ್ಚಳ ತೆಗೆದು, ಅಕ್ಕಿ ಕೊಡವಿ, ಇನ್ನೂ ಬಾರಿಸುತ್ತಿದ್ದ ಫೋನ್ ಕಿವಿಗೆ ಹಿಡಿದಳು. "ಎಲ್ಲಾರೂ ಮ್ಯಾಲ ಬಂದೀವ್ರಿ ಬಾಯಾರ" ಅಂದಳು. ಆಮೇಲೆ ಒಂದು ಒತ್ತಿದಳು. ಎಲ್ಲರೂ ಒತ್ತಿದರು. ಫೋನುಗಳು ಸುಮ್ಮನಾದವು.

ಒಂದು ಮಾತ್ರ ಉಳಿದಿತ್ತು.

"ಆಚಾರ್ರ" ಎಂದು ಮಜೀದ ಮೆಲ್ಲಗೆ ಬಂದು ಕೂತ. ಅವನ ಅಂಗೈಯಲ್ಲಿ ಚೀನಾ ಸೆಟ್ಟು ಹಾಡುತ್ತಿತ್ತು. "ಆಗ ನಾವು ಒಂದು ಒತ್ತಲಿಲ್ಲ. ಈಗ ಒತ್ತಿಬಿಡ್ರಿ. ಇಲ್ಲಂದ್ರ ಬಿಡಂಗಿಲ್ಲ, ಬರ್ತನೇ ಇರ್ತದ."

ಆಚಾರ್ಯರು ಅದನ್ನು ತೆಗೆದುಕೊಂಡು ಕಿವಿಗೆ ಹಿಡಿದರು. ಏಳ್ರಿ ಅಂದಳು. ದನಾ ಬಿಚ್ಚಿಬಿಡ್ರಿ ಅಂದಳು. ಅಂಜಬ್ಯಾಡ್ರಿ, ವ್ಯಾಳ್ಯಾ ಅದ ಅಂದಳು. ಅವರ ಹೆಬ್ಬೆರಳು ಒಂದರ ಗುಂಡಿಯ ಮೇಲೆ ಇತ್ತು. ಬಳೆಗಳು ಸದ್ದು ಮಾಡಿದವು. ಎದುರಿಗೆ ಬೆಂಕಿಯೊಳಗೂ ಗಾಜಿನ ಬಳೆಯೊಂದು ಚಟ್ಟನೆ ಸಿಡಿಯಿತು.

ಫೋನ್ ತಾನೇ ಕಟ್ ಆಯಿತು. ಹೆಬ್ಬೆರಳು ಒತ್ತಿರಲಿಲ್ಲ.

ಮಜೀದ ಕೈ ಚಾಚಿದ. ಆಚಾರ್ಯರು ಕೊಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಪಂಚೆಯ ಚುಂಗಿನಿಂದ ಅದರ ಗಾಜು ಒರೆಸಿ, ಕಾದು ಕುಳಿತರು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಹಾಡಿತು.

"ಓ" ಅಂದರು.